ಬಸ್ಸಾರಿನ ಫೋಟೋಗೆ ಬೀಗ: ಸ್ನ್ಯಾಪ್‌ಸೀಡ್ ಜೊತೆ ಆರು ತಿಂಗಳು

ಬಸ್ಸಾರು ಕ್ಯಾಮೆರಾಗೆ ಒಲಿಯುವ ಅಡುಗೆ ಅಲ್ಲ. ಬಿರಿಯಾನಿ, ಜಿಲೇಬಿ ಹೇಗಿಟ್ಟರೂ ಚೆಂದ ಕಾಣುತ್ತವೆ. ಬಸ್ಸಾರು ಕಂದು, ಮುದ್ದೆ ಕಂದು, ಪಕ್ಕದಲ್ಲಿ ದಂಟಿನ ಸೊಪ್ಪಿನ ಪಲ್ಯ ಹೆಚ್ಚುಕಡಿಮೆ ಕಪ್ಪು. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಮಳೆಗಾಲದ ಗದ್ದೆ ಬದು ನೋಡಿದ ಹಾಗಿರುತ್ತದೆ. ಅದನ್ನು ನೋಡಿ ಯಾರಿಗಾದರೂ ಹಸಿವಾಗಬೇಕು ಅಂದರೆ ಬೆಳಿಗ್ಗೆ 9ರೊಳಗೆ ಕಿಟಕಿ ಪಕ್ಕ ತಟ್ಟೆ ಇಡಬೇಕು. ಮುದ್ದೆ ಮೇಲೆ ತುಪ್ಪ ಬಿಟ್ಟ ತಕ್ಷಣ ತೆಗೆಯಬೇಕು. ಎರಡು ನಿಮಿಷ ತಡವಾದರೆ ಹೊಳಪು ಹೋಯಿತು, ಮುದ್ದೆಗೆ ಮೇಲೊಂದು ಪೊರೆ ಬಂತು. ಅಷ್ಟರಲ್ಲಿ ನಮ್ಮನೆಯವರು ಕೈ ತೊಳೆದು ಬಂದು ಕೂತು, "ತೆಗೆದಾಯ್ತಾ? ತಿನ್ನಬಹುದಾ?" ಅಂತ ಕೇಳುತ್ತಿರುತ್ತಾರೆ.

ಇಷ್ಟು ಕಷ್ಟ ಯಾಕೆ ಅಂದರೆ ನಾನು ಹಾಸನದಲ್ಲಿ ಮನೆಯಲ್ಲೇ ಸಾರಿನ ಪುಡಿ, ಹುರುಳಿ ಚಟ್ನಿಪುಡಿ ಮಾಡಿ ಮಾರುತ್ತೇನೆ. ದೊಡ್ಡ ವ್ಯಾಪಾರ ಏನಲ್ಲ. ತಿಂಗಳಿಗೆ ಹದಿನೈದು ಇಪ್ಪತ್ತು ಕಿಲೋ, ವಾಟ್ಸಾಪ್‌ನಲ್ಲಿ ಆರ್ಡರ್. ನನ್ನ ಅಂಗಡಿಗೆ ಬೋರ್ಡು ಅಂತ ಇರುವುದು ಈ ಫೋಟೋಗಳೇ.

ಹೋದ ವರ್ಷ ಒಬ್ಬರು ಫೋನ್ ಮಾಡಿದರು. "ಅಕ್ಕಾ, ಬೇಜಾರು ಮಾಡ್ಕೋಬೇಡಿ, ಈ ಸಲದ ಪುಡಿ ಯಾಕೋ ಬರೀ ಧನಿಯಾ ವಾಸನೆ." ನನಗೆ ಕೈಕಾಲು ಬಿದ್ದುಹೋದ ಹಾಗಾಯಿತು. ಪುಸ್ತಕ ತೆಗೆದು ನೋಡಿದರೆ ಅವರಿಗೆ ಆ ತಿಂಗಳು ನಾನು ಪುಡಿ ಕಳಿಸಿಯೇ ಇಲ್ಲ! ಅವರು ಕೊಂಡಿದ್ದು ಬೇರೆ ಯಾರಿಂದಲೋ. ಅಲ್ಲಿ ನನ್ನ ಬಸ್ಸಾರಿನ ಫೋಟೋ ನೋಡಿ ನಾನೇ ಅಂದುಕೊಂಡಿದ್ದಾರೆ. ಧನಿಯಾ ಜಾಸ್ತಿ ಸುರಿದಿದ್ದು ಅವರು, ಹೆಸರು ಕೆಟ್ಟಿದ್ದು ನನ್ನದು.

ನಮ್ಮನೆಯವರು ನಕ್ಕರು. "ಸಾರು ಕದ್ದರೆ ಕಳ್ಳ ಅನ್ನಬಹುದು, ಸಾರಿನ ಚಿತ್ರ ಕದ್ದರೆ ಏನಂತಾರೆ?" ನನಗೆ ನಗು ಬರಲಿಲ್ಲ.

ಆ ಫೋಟೋ ಮೇಲೆ ನನ್ನ ಹೆಸರು ಇರಲಿಲ್ಲ ಅಂತಲ್ಲ. ವರ್ಷಕ್ಕೆ 499 ರೂಪಾಯಿ ಕೊಟ್ಟು ಒಂದು ವಾಟರ್‌ಮಾರ್ಕ್ ಆಪ್ ತೆಗೆದುಕೊಂಡಿದ್ದೆ. ಅದರ ಹೆಸರು ಇಲ್ಲಿ ಬೇಡ. ಮೊದಲ ದಿನವೇ ಅದು ಕನ್ನಡದ ಒತ್ತಕ್ಷರಕ್ಕೆ ಕೈಕೊಟ್ಟಿತ್ತು. 'ಬಸ್ಸಾರು' ಅಂತ ಟೈಪ್ ಮಾಡಿದರೆ 'ಬಸ್‌ಸಾರು' ಅಂತ ಬರುತ್ತಿತ್ತು. ಬಸ್ ಸ್ಟ್ಯಾಂಡಿನ ಸಾರು ಇದ್ದ ಹಾಗೆ! ಕಂಪನಿಗೆ ಮೂರು ಸಲ ಬರೆದೆ, ಮೂರು ಸಲವೂ ಒಂದೇ ಉತ್ತರ: ನಿಮ್ಮ ಸಲಹೆಗೆ ಧನ್ಯವಾದ. ಕೊನೆಗೆ ಇಂಗ್ಲಿಷ್‌ನಲ್ಲಿ ಹೆಸರು ಹಾಕಿ ಸುಮ್ಮನಾದೆ. ಆ ಆಪ್ ಹೆಸರನ್ನು ಪ್ರತಿ ಫೋಟೋಗೂ ಬಲಗಡೆ ಕೆಳಗಿನ ಮೂಲೆಗೇ ಹಾಕುತ್ತಿತ್ತು. ಫೋಟೋ ಎತ್ತಿಕೊಂಡವರು ಆ ಮೂಲೆಯನ್ನು ಒಂದು ಬೆರಳಗಲ ಕತ್ತರಿಸಿದ್ದಾರೆ, ಅಷ್ಟೇ ಕೆಲಸ.

ಒಂದೇ ಗುರುತನ್ನು ಒಂದೇ ಜಾಗಕ್ಕೆ ಹಾಕುವುದರಲ್ಲಿ ಇನ್ನೊಂದು ತೊಂದರೆ ಇದೆ ಅಂತ ನನ್ನ ಅಕ್ಕನ ಮಗಳು ಹೇಳಿದಳು. ಅವಳು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ನೂರಾರು ಫೋಟೋಗಳಲ್ಲಿ ಗುರುತು ಒಂದೇ ಥರ ಇದ್ದರೆ, ಅವನ್ನೆಲ್ಲ ಒಟ್ಟಿಗೆ ಹೋಲಿಸಿ ಕಂಪ್ಯೂಟರೇ ಆ ಗುರುತು ಯಾವುದು ಅಂತ ಪತ್ತೆ ಮಾಡಿ ಅಳಿಸಬಲ್ಲದು. 2017ರಲ್ಲಿ ಗೂಗಲ್‌ನ ಸಂಶೋಧಕರೇ ಇದನ್ನು ಮಾಡಿ ತೋರಿಸಿದ್ದಾರೆ. ಪ್ರತಿ ಸಲ ಗುರುತನ್ನು ಸ್ವಲ್ಪ ಸೊಟ್ಟ ಮಾಡಿದರೆ ಅಳಿಸಿದ ಜಾಗದಲ್ಲಿ ಕಲೆ ಉಳಿಯುತ್ತದೆ ಅಂತಲೂ ಅವರೇ ಹೇಳಿದ್ದಾರೆ. "ಚಿಕ್ಕಮ್ಮಾ, ನಿಮ್ಮ ಕೈಬರಹವೇ ಸೊಟ್ಟ ಅಲ್ವಾ, ಅದನ್ನೇ ಹಾಕಿ" ಅಂದಳು. ಅವಳೇ ಸ್ನ್ಯಾಪ್‌ಸೀಡ್ ಹಾಕಿಕೊಟ್ಟಿದ್ದು.

ಸ್ನ್ಯಾಪ್‌ಸೀಡ್ ಹೊಸದೇನಲ್ಲ. 2011ರಲ್ಲಿ ಬಂದದ್ದು, ಮರುವರ್ಷ ಗೂಗಲ್ ಕೊಂಡುಕೊಂಡಿತು. ದುಡ್ಡಿಲ್ಲ, ಜಾಹೀರಾತಿಲ್ಲ. ಇದು ಫೋಟೋ ತಿದ್ದುವ ಆಪ್, ವಾಟರ್‌ಮಾರ್ಕ್‌ಗೇ ಅಂತ ಮಾಡಿದ್ದಲ್ಲ. ಆದರೆ ಇದರಲ್ಲಿ 'ಡಬಲ್ ಎಕ್ಸ್‌ಪೋಷರ್' ಅಂತ ಒಂದು ಟೂಲ್ ಇದೆ. ಒಂದು ಫೋಟೋ ಮೇಲೆ ಇನ್ನೊಂದು ಫೋಟೋ ಕೂರಿಸುವುದು. ನನಗೆ ಬೇಕಾಗಿದ್ದು ಅದೇ.

ನಾನು ಮಾಡಿದ್ದು ಹೀಗೆ. ನಮ್ಮ ಅಡುಗೆಮನೆ ಕಟ್ಟೆಗೆ ಕಪ್ಪು ಕಡಪಾ ಕಲ್ಲು ಹಾಕಿದೆ. ಅದನ್ನು ಒರೆಸಿ, ಚೆನ್ನಾಗಿ ಒಣಗಿದ ಮೇಲೆ, ಅಕ್ಕಿ ಹಿಟ್ಟಿನಲ್ಲಿ ರಂಗೋಲಿ ಎಳೆದ ಹಾಗೆ ನನ್ನ ಹೆಸರು ಬರೆದೆ. ಕನ್ನಡದಲ್ಲೇ, ಒತ್ತು, ದೀರ್ಘ ಎಲ್ಲ ಸರಿಯಾಗಿ. ಮೇಲಿಂದ ಫೋಟೋ ತೆಗೆದು, ಕಪ್ಪು ಇನ್ನಷ್ಟು ಕಪ್ಪಾಗುವ ಹಾಗೆ ಕಾಂಟ್ರಾಸ್ಟ್ ಏರಿಸಿದೆ. ಆಮೇಲೆ ಬಸ್ಸಾರಿನ ಫೋಟೋ ತೆರೆದು, ಡಬಲ್ ಎಕ್ಸ್‌ಪೋಷರ್‌ನಲ್ಲಿ ಈ ಹಿಟ್ಟಿನ ಹೆಸರನ್ನು ಮೇಲೆ ತಂದೆ. ಅಲ್ಲಿ 'ಲೈಟನ್' ಅಂತ ಒಂದು ಆಯ್ಕೆ ಇದೆ. ಎರಡು ಫೋಟೋಗಳಲ್ಲಿ ಯಾವುದು ಬೆಳ್ಳಗಿದೆಯೋ ಅದನ್ನಷ್ಟೇ ಉಳಿಸಿಕೊಳ್ಳುತ್ತದೆ. ಒತ್ತಿದ ಕೂಡಲೇ ಕಡಪಾ ಕಲ್ಲು ಮಾಯ. ಹಿಟ್ಟಿನ ಅಕ್ಷರ ಮಾತ್ರ ಸಾರಿನ ಮೇಲೆ ನಿಂತಿತು. ಹಿಟ್ಟಿನ ಕಣ ಕಣ ಸಮೇತ. ನಿಜ ಹೇಳಬೇಕೆಂದರೆ, ಅಷ್ಟು ದಿನದಲ್ಲಿ ಮೊದಲ ಸಲ ಖುಷಿಯಾಯಿತು.

ಮೊದಲನೆಯದು ಸ್ವಲ್ಪ ದೊಡ್ಡದಾಯಿತು. "ಸಾರಿನ ಮೇಲೆ ಯಾಕೆ ರಂಗೋಲಿ ಬಿಟ್ಟಿದ್ದೀಯ?" ಅಂದರು ನಮ್ಮನೆಯವರು. ಬೆರಳಲ್ಲಿ ಚಿವುಟಿ ಚಿಕ್ಕದು ಮಾಡಿ, ಎಷ್ಟು ದಟ್ಟ ಕಾಣಬೇಕು ಅನ್ನುವ ಗೆರೆಯನ್ನು ಅರ್ಧಕ್ಕಿಂತ ಕೆಳಗೆ ಎಳೆದೆ. ಈಗ ಮೂಲೆಗೆ ಹಾಕುವುದಿಲ್ಲ. ಅರ್ಧ ಅಕ್ಷರ ಮುದ್ದೆ ಮೇಲೆ, ಅರ್ಧ ಸೊಪ್ಪಿನ ಮೇಲೆ ಹಾಯುವ ಹಾಗೆ ಹಾಕುತ್ತೇನೆ. ಕತ್ತರಿಸಬೇಕಾದರೆ ಮುದ್ದೆಯನ್ನೇ ಕತ್ತರಿಸಬೇಕು.

ಸೇವ್ ಮಾಡುವುದರಲ್ಲೂ ಒಂದು ಉಪಯೋಗ ಇದೆ. ನನ್ನ ಫೋನ್ ತೆಗೆಯುವ ಫೋಟೋ 4000 ಪಿಕ್ಸೆಲ್ ಅಗಲ. ಸ್ನ್ಯಾಪ್‌ಸೀಡ್‌ನ ಸೆಟ್ಟಿಂಗ್ಸ್‌ನಲ್ಲಿ ಅದನ್ನು 1366ಕ್ಕೆ ಇಳಿಸಿಟ್ಟಿದ್ದೇನೆ. ಫೋನಿನಲ್ಲಿ ನೋಡುವವರಿಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಇಂಚಿಗೆ 300 ಚುಕ್ಕಿ ಲೆಕ್ಕದಲ್ಲಿ ಒಳ್ಳೆಯ ಪ್ರಿಂಟ್ ತೆಗೆಯುತ್ತೇನೆ ಅಂದರೆ 4.5 ಇಂಚಿಗೇ ಮುಗಿಯಿತು. ಪುಡಿ ಪ್ಯಾಕೆಟ್ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಿದರೆ ಮಸುಕು ಮಸುಕು. ದೊಡ್ಡ ಫೋಟೋ ನನ್ನ ಹತ್ತಿರ ಮಾತ್ರ ಇರುತ್ತದೆ. ಯಾರದು ಅಸಲಿ ಅನ್ನುವ ಜಗಳ ಬಂದರೆ ತೋರಿಸಲು ಅದೇ ಸಾಕ್ಷಿ. ತೆಗೆದ ದಿನ, ಹೊತ್ತು, ಯಾವ ಫೋನು ಎಲ್ಲ ಅದರ ಹೊಟ್ಟೆಯಲ್ಲೇ ಬರೆದಿರುತ್ತದೆ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಆ ವಿವರ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿದರೆ ಉಳಿಯುತ್ತದೆ. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ನಿಮ್ಮ ಮನೆ ಎಲ್ಲಿದೆ ಅಂತಲೂ ಅದರಲ್ಲಿ ಬರೆದಿರುತ್ತದೆ. ಮನೆಯಿಂದ ವ್ಯಾಪಾರ ಮಾಡುವ ಹೆಂಗಸರು ಅದನ್ನು ಆಫ್ ಮಾಡಿಕೊಳ್ಳುವುದು ಒಳ್ಳೆಯದು. ನಾನು ಮಾಡಿದ್ದು ತಡವಾಗಿ.

ಹಾಗಂತ ಎಲ್ಲ ಚೆನ್ನಾಗಿದೆ ಅಂತಲ್ಲ. ಒಂದೊಂದೇ ಫೋಟೋ ಕೂತು ಮಾಡಬೇಕು. ನನಗೆ ವಾರಕ್ಕೆ ನಾಲ್ಕೈದು ಫೋಟೋ, ನಡೆಯುತ್ತದೆ. ದಿನಕ್ಕೆ ಇಪ್ಪತ್ತು ಹಾಕುವವರು ಇದನ್ನು ಎರಡೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಬಿಳಿ ಅಕ್ಷರ ಇಡ್ಲಿ, ಮೊಸರನ್ನದ ಮೇಲೆ ಕಾಣುವುದೇ ಇಲ್ಲ. ಅದಕ್ಕೆ ಬಿಳಿ ಹಾಳೆಯಲ್ಲಿ ಸ್ಕೆಚ್ ಪೆನ್ನಿನಿಂದ ಬರೆದು 'ಡಾರ್ಕನ್' ಅನ್ನುವ ಇನ್ನೊಂದು ಆಯ್ಕೆ ಬಳಸಬೇಕು. ನನ್ನ ಫೋನಿನಲ್ಲಿರುವುದು ಹಳೆಯ ಸ್ನ್ಯಾಪ್‌ಸೀಡ್, ನಿಮ್ಮದರಲ್ಲಿ ಬಟನ್ ಬೇರೆ ಕಡೆ ಇದ್ದರೆ ನನ್ನನ್ನು ಬೈಯಬೇಡಿ. ಐದಕ್ಕೆ ನಾಲ್ಕು ಕೊಡುತ್ತೇನೆ.

ಉಳಿದ ಆ ಒಂದು ಅಂಕ ಯಾಕೆ ಕೊಡಲಿಲ್ಲ ಅಂದರೆ, ಹಬ್ಬಕ್ಕೆ ಬಂದಾಗ ಅಕ್ಕನ ಮಗಳು ತನ್ನ ಹೊಸ ಫೋನಿನಲ್ಲಿ ನನ್ನ ಅಕ್ಕಿ ಹಿಟ್ಟಿನ ಹೆಸರಿನ ಸುತ್ತ ಬೆರಳಲ್ಲಿ ಒಂದು ಸುತ್ತು ಬಳಿದಳು. ಐದು ಸೆಕೆಂಡಿನಲ್ಲಿ ಹೆಸರು ಹೋಯಿತು. ಸೊಪ್ಪಿನ ಮೇಲೆ ಸ್ವಲ್ಪ ಕಲೆಸಿದ ಹಾಗೆ ಉಳಿಯಿತು, ಆದರೆ ಪಲ್ಯ ಹೇಗಿದ್ದರೂ ಕಲೆಸಿದ ಹಾಗೇ ಇರುತ್ತದಲ್ಲ, ಯಾರಿಗೆ ಗೊತ್ತಾಗುತ್ತದೆ?

ಹಾಗಾದರೆ ಆ ಧನಿಯಾ ಪುಡಿಯವರು ಹೇಗೆ ಸಿಕ್ಕಿಬಿದ್ದರು? ಅದು ಅಮ್ಮನ ಬಟ್ಟಲಿನಿಂದ. ನಾನು ಅವರಿಗೆ ಮೆಸೇಜ್ ಮಾಡಿದಾಗ "ಗೂಗಲ್‌ನಲ್ಲಿ ಸಿಕ್ಕಿದ ಫೋಟೋ ಅಕ್ಕಾ, ಯಾರದು ಅಂತ ಹೆಂಗೆ ಹೇಳ್ತೀರ?" ಅಂದರು. ಫೋಟೋ ದೊಡ್ಡದು ಮಾಡಿ ನೋಡುತ್ತಿದ್ದೆ. ಸಾರು ಬಡಿಸಿದ್ದ ಸ್ಟೀಲ್ ಬಟ್ಟಲಿನ ಹೊರಗಡೆ ಅಂಚಿನ ಕೆಳಗೆ ಅಮ್ಮನ ಇನಿಷಿಯಲ್, ಅದರ ಪಕ್ಕ 12-5-84. ನಮ್ಮ ಹಳೇ ಮನೆ ಗೃಹಪ್ರವೇಶದ ದಿನ. ಆ ಕಾಲದಲ್ಲಿ ಪಾತ್ರೆ ಕೊಂಡರೆ ಹೆಸರು ಹಾಕಿಸದೆ ಮನೆಗೆ ತರುತ್ತಿರಲಿಲ್ಲ. ಮದುವೆ ಮನೆಗೆ ಕೊಟ್ಟ ಕೊಳಗ ವಾಪಸ್ ಬರಬೇಕಲ್ಲ! ಬಟ್ಟಲನ್ನು ಕೈಯಲ್ಲಿ ಹಿಡಿದು, ಅಂಚಿನ ನೆಗ್ಗು ಸಮೇತ ಇನ್ನೊಂದು ಫೋಟೋ ತೆಗೆದು ಕಳಿಸಿದೆ. ಜೊತೆಗೆ ಅಸಲಿ ಫೋಟೋ, ಡಾಕ್ಯುಮೆಂಟ್ ಆಗಿ. ಅರ್ಧ ಗಂಟೆಗೆ ಅವರ ಪೇಜಿನಿಂದ ಬಸ್ಸಾರು ಇಳಿಯಿತು. ಸಾರಿ ಅಂತ ಮಾತ್ರ ಬರಲಿಲ್ಲ.

ಇಳಿಸದಿದ್ದರೆ ದೂರು ಕೊಡಬೇಕು ಅಂತ ತಯಾರಾಗಿದ್ದೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಫೋಟೋ ತೆಗೆದ ಕ್ಷಣದಿಂದಲೇ ಅದು ತೆಗೆದವರದ್ದು, ರಿಜಿಸ್ಟರ್ ಮಾಡಿಸಲೇಬೇಕು ಅಂತಿಲ್ಲ. ತೆಗೆದವರು ಬದುಕಿರುವಷ್ಟು ಕಾಲ, ಅವರು ತೀರಿಕೊಂಡ ಮುಂದಿನ ವರ್ಷದಿಂದ ಇನ್ನೂ 60 ವರ್ಷ ಆ ಹಕ್ಕು ಇರುತ್ತದೆ. ವೆಬ್‌ಸೈಟಿನವರಿಗೆ ಲಿಖಿತ ದೂರು ಹೋದರೆ 36 ಗಂಟೆಯೊಳಗೆ ಕ್ರಮ ತೆಗೆದುಕೊಳ್ಳಬೇಕು ಅಂತ 2013ರ ನಿಯಮ ಹೇಳುತ್ತದೆ. ಆದರೆ 21 ದಿನದಲ್ಲಿ ನಾವು ಕೋರ್ಟ್ ಆದೇಶ ತರದಿದ್ದರೆ ಅವರು ವಾಪಸ್ ಹಾಕಬಹುದು. ಒಂದು ಬಟ್ಟಲು ಸಾರಿಗೆ ಕೋರ್ಟು ಹತ್ತುವವರು ಯಾರು? ಇನ್ನು ಬಸ್ಸಾರು ಮಾಡುವ ಕ್ರಮಕ್ಕೆ ಯಾವ ಹಕ್ಕೂ ಇಲ್ಲ. ಇರಲೂಬಾರದು. ಸೊಪ್ಪು ಬೇಳೆ ಬೇಯಿಸಿ, ಕಟ್ಟು ಬಸಿದು, ಅದರಲ್ಲೇ ಒಂದು ಹಿಡಿಯನ್ನು ಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಹುಣಸೆ, ಪುಡಿ ಜೊತೆ ರುಬ್ಬಿ ಕುದಿಸುವುದನ್ನು ನನಗೆ ಅಮ್ಮ ಹೇಳಿಕೊಟ್ಟಳು, ಅವಳಿಗೆ ಅಜ್ಜಿ. ಯಾರು ಬೇಕಾದರೂ ಮಾಡಿಕೊಳ್ಳಲಿ. ಫೋಟೋ ಮಾತ್ರ ನನ್ನದು.

ಬಟ್ಟಲಿನ ಮೇಲಿನ ಹೆಸರನ್ನೂ ಅಕ್ಕನ ಮಗಳು ಅದೇ ಥರ ಅಳಿಸಿ ತೋರಿಸಿದಳು. ಅದು ಸರಿ, ಆದರೆ ಅಲ್ಲೊಂದು ಹೆಸರು ಇದೆ ಅಂತ ಗೊತ್ತಿದ್ದರೆ ತಾನೆ ಅಳಿಸುವುದು? ಕಳ್ಳರು ಮೂಲೆ ನೋಡುತ್ತಾರೆ, ಬಟ್ಟಲು ನೋಡುವುದಿಲ್ಲ.

ಅದಕ್ಕೇ ಹೋದ ತಿಂಗಳು ಎರಡು ತಟ್ಟೆ, ಮೂರು ಬಟ್ಟಲು ಚೀಲದಲ್ಲಿ ಹಾಕಿಕೊಂಡು ಪಾತ್ರೆ ಅಂಗಡಿಗೆ ಹೋದೆ. ಹೆಸರು ಹಾಕುವ ಹುಡುಗ ಮಷೀನು ಪೆನ್ನು ಗರ್ ಅನ್ನಿಸುತ್ತಾ, "ಎಲ್ಲರೂ ತಳಕ್ಕೆ ಹಾಕಿಸ್ತಾರೆ, ನೀವು ಮುಂದುಗಡೆನೇ ಕೇಳ್ತೀರಲ್ಲಮ್ಮ" ಅಂದ. ಒಂದಕ್ಕೆ 20 ರೂಪಾಯಿ. ಮೊದಲ ತಟ್ಟೆಗೆ ಅರ್ಧ ಸೆಂಟಿಮೀಟರ್ ಎತ್ತರದ ಅಕ್ಷರ ಹಾಕಿಸಿದೆ. ಮನೆಗೆ ಬಂದು ಫೋಟೋ ತೆಗೆದು 1366ಕ್ಕೆ ಇಳಿಸಿದರೆ ಸ್ಕ್ರಬ್ಬರ್‌ನಲ್ಲಿ ಗೀಚಿದ ಹಾಗೆ ಕಂಡಿತು. ಮತ್ತೆ ಹೋಗಿ ಉಳಿದದ್ದಕ್ಕೆಲ್ಲ ಒಂದು ಸೆಂಟಿಮೀಟರ್ ಅಕ್ಷರ ಹಾಕಿಸಿದೆ, ಈಗ ಸಲೀಸಾಗಿ ಓದಬಹುದು. ಒಟ್ಟು ಖರ್ಚು 100 ರೂಪಾಯಿ. ಒತ್ತಕ್ಷರ ಒಂದೂ ತಪ್ಪಿಲ್ಲ.

ಈಗ ತಿಂಗಳಿಗೊಮ್ಮೆ ನನ್ನ ಫೋಟೋಗಳನ್ನು ಟಿನ್‌ಐನಲ್ಲಿ ಹಾಕಿ ಹುಡುಕುತ್ತೇನೆ. ಗೂಗಲ್ ಲೆನ್ಸ್ ಊರಿನವರ ಬಸ್ಸಾರನ್ನೆಲ್ಲ ತಂದು ಗುಡ್ಡೆ ಹಾಕುತ್ತದೆ, ಟಿನ್‌ಐ ಅದೇ ಫೋಟೋ ಇನ್ನೆಲ್ಲಿದೆ ಅಂತ ಮಾತ್ರ ಹೇಳುತ್ತದೆ. ಹೋದ ವಾರ ಕುತೂಹಲಕ್ಕೆ ಆ ಧನಿಯಾ ಪುಡಿಯವರ ಪೇಜ್ ನೋಡಿದೆ. ನನ್ನ ಫೋಟೋ ಇದ್ದ ಜಾಗದಲ್ಲಿ ಬೇರೆ ಬಸ್ಸಾರು ಬಂದಿದೆ. ಕಿಟಕಿ ಬೆಳಕು, ಮುದ್ದೆ ಮೇಲೆ ಆಗ ತಾನೇ ಬಿಟ್ಟ ತುಪ್ಪ. ಯಾರೋ ಕಷ್ಟಪಟ್ಟು ತೆಗೆದಿದ್ದಾರೆ. ತಟ್ಟೆ, ಬಟ್ಟಲು ಎಲ್ಲ ಜೂಮ್ ಮಾಡಿ ನೋಡಿದೆ. ಎಲ್ಲೂ ಹೆಸರು ಹಾಕಿಸಿರಲಿಲ್ಲ.