ಟೂಟ್ಸಿ, ಡೌಟ್‌ಫೈರ್, ಚಾಚಿ: ವೇಷ ಯಾರಿಗೆ ಒಪ್ಪಿತು?

ಗಂಡಸು ಹೆಣ್ಣಿನ ವೇಷ ಹಾಕಿದ ಅಂದ ಮಾತ್ರಕ್ಕೆ ನಮ್ಮ ಹೊನ್ನಾವರ, ಕುಮಟಾ ಕಡೆಯವರಿಗೆ ನಗು ಬರುವುದಿಲ್ಲ. ಯಕ್ಷಗಾನದ ಸ್ತ್ರೀವೇಷ ನೋಡಿಯೇ ಬೆಳೆದವರು ನಾವು. ದಮಯಂತಿ ಅತ್ತರೆ ಎದುರು ಕೂತವರೂ ಕಣ್ಣೊರೆಸಿಕೊಳ್ಳುತ್ತಾರೆ, ಸೀರೆಯೊಳಗೆ ಇರುವವನು ಯಾರು ಅಂತ ಯಾರೂ ಕೇಳುವುದಿಲ್ಲ. ಹಾಗಾಗಿ ಮೇಳಗಳ ತಿರುಗಾಟ ನಿಂತು ರಾತ್ರಿ ಆಟ ಇಲ್ಲದ ಈ ಮಳೆಗಾಲದಲ್ಲಿ, ಕರೆಂಟು ಇದ್ದಷ್ಟು ಹೊತ್ತು, ಮೂರು ಹಳೇ ಸಿನಿಮಾ ಮತ್ತೆ ಹಾಕಿಕೊಂಡು ನೋಡಿದೆ. ಮೂರರಲ್ಲೂ ಹೊಟ್ಟೆಪಾಡಿಗೋ ಮಕ್ಕಳಿಗಾಗಿಯೋ ಕಲಾವಿದನೊಬ್ಬ ಹೆಂಗಸಾಗುತ್ತಾನೆ.

ಮೊದಲು 1982ರ 'ಟೂಟ್ಸಿ'. ಡಸ್ಟಿನ್ ಹಾಫ್‌ಮನ್ ಇಲ್ಲಿ ನ್ಯೂಯಾರ್ಕಿನ ನಟ ಮೈಕೆಲ್. ಒಳ್ಳೆ ನಟ, ಆದರೆ ಮಹಾ ತಕರಾರಿನವನು. ಜಾಹೀರಾತಿನಲ್ಲಿ ಟೊಮೆಟೊ ಆಗು ಅಂದರೆ, ಟೊಮೆಟೊ ಯಾಕೆ ಕೂರಬೇಕು ಅಂತ ವಾದಕ್ಕೆ ನಿಲ್ಲುವ ಆಸಾಮಿ. ನಿನಗೆ ಯಾರೂ ಕೆಲಸ ಕೊಡುವುದಿಲ್ಲ ಅಂತ ಏಜೆಂಟ್ ಮುಖಕ್ಕೇ ಹೇಳುತ್ತಾನೆ (ಆ ಏಜೆಂಟ್ ಪಾತ್ರ ಮಾಡಿದ್ದು ಸಿನಿಮಾದ ನಿರ್ದೇಶಕ ಸಿಡ್ನಿ ಪೊಲಾಕ್ ಅವರೇ). ಮುಂದಿನ ಶಾಟ್‌ನಲ್ಲಿ ಜನಜಂಗುಳಿಯ ರಸ್ತೆ, ಅದರ ನಡುವೆ ಕನ್ನಡಕ ಹಾಕಿಕೊಂಡು, ಎತ್ತರದ ಚಪ್ಪಲಿಯಲ್ಲಿ ಸ್ವಲ್ಪ ತಡವರಿಸುತ್ತಾ ಬರುವ ಡೊರೊಥಿ, ಅಂದರೆ ಹೆಣ್ಣುವೇಷದ ಮೈಕೆಲ್. ಬಣ್ಣ ಹಚ್ಚುವುದು, ವಿಗ್ ಇಡುವುದು ಯಾವುದನ್ನೂ ಆಗ ತೋರಿಸುವುದಿಲ್ಲ. ಚೌಕಿ (ವೇಷ ಕಟ್ಟುವ ಬಣ್ಣದಮನೆ) ತೋರಿಸದೆ ನೇರ ರಂಗಸ್ಥಳಕ್ಕೇ ತಂದುಬಿಡುತ್ತಾರೆ. ನನಗೆ ಈ ಸಲ ಜಾಸ್ತಿ ಇಷ್ಟವಾಗಿದ್ದೇ ಇದು.

ಆಮೇಲೆ ಡೊರೊಥಿಗೆ ಅವಳದೇ ಬುದ್ಧಿ ಬರುತ್ತದೆ. ಟಿವಿ ಧಾರಾವಾಹಿಯ ಶೂಟಿಂಗ್‌ನಲ್ಲಿ, ಎಲ್ಲ ನಟಿಯರಿಗೂ ಮುತ್ತಿಡುವ ಮುದುಕ ನಟ ಹತ್ತಿರ ಬಂದಾಗ ಸ್ಕ್ರಿಪ್ಟ್ ಬಿಟ್ಟು ಕೈಯಲ್ಲಿದ್ದ ಫೈಲಿನಿಂದ ಅವನ ತಲೆ ಮೇಲೇ ಹೊಡೆಯುತ್ತಾಳೆ. ಮೈಕೆಲ್ ಆಗಿದ್ದರೆ ಅಲ್ಲೊಂದು ಭಾಷಣ ಬಿಗಿಯುತ್ತಿದ್ದ. ಸಹನಟಿ ಜೂಲಿಯ ಅಪ್ಪ ಉಂಗುರ ಹಿಡಿದು ಮದುವೆಗೆ ಕೇಳುವಾಗ ನಗು ಬರುತ್ತದೆ, ಅಯ್ಯೋ ಪಾಪ ಅಂತಲೂ ಅನಿಸುತ್ತದೆ. ಜೂಲಿ ಮಾಡಿದ ಜೆಸ್ಸಿಕಾ ಲ್ಯಾಂಗ್ ಅವರಿಗೆ ಪೋಷಕ ನಟಿ ಆಸ್ಕರ್ ಸುಮ್ನೆ ಬಂದಿದ್ದಲ್ಲ.

1993ರ 'ಮಿಸೆಸ್ ಡೌಟ್‌ಫೈರ್' ಪೂರ್ತಿ ಉಲ್ಟಾ. ಇಲ್ಲಿ ಚೌಕಿಯೇ ಮಜಾ. ವಿಚ್ಛೇದನದ ನಂತರ ಮಕ್ಕಳ ಜೊತೆ ಇರಲು ಆಯಾ ಆಗುವ ರಾಬಿನ್ ವಿಲಿಯಮ್ಸ್‌ಗೆ ಸಹೋದರನೇ ಮೇಕಪ್ ಕಲಾವಿದ, ಒಂದಾದ ಮೇಲೊಂದು ಮುಖ ಹಾಕಿ ನೋಡುತ್ತಾರೆ. ಮೇಕಪ್‌ಗೆ ಆಸ್ಕರ್ ಕೂಡ ಬಂತು. ಮುಖವಾಡ ಕಿಟಕಿಯಿಂದ ಬಿದ್ದು, ಮನೆಗೆ ಬಂದ ಅಧಿಕಾರಿಣಿಯ ಎದುರು ಕೇಕಿನ ಕ್ರೀಮ್‌ಗೆ ಮುಖ ಒತ್ತಿಕೊಂಡು ಬರುತ್ತಾನಲ್ಲ, ಆ ಕ್ರೀಮ್ ಅವಳ ಚಹಾಕ್ಕೆ ತೊಟ್ಟಿಕ್ಕುವಾಗ ನಮ್ಮನೆ ಹುಡುಗರು ನೆಲಕ್ಕುರುಳಿ ನಕ್ಕರು. ಆದರೆ ಆ ಅಜ್ಜಿಯೊಳಗಿಂದ ರಾಬಿನ್ ವಿಲಿಯಮ್ಸ್ ಪ್ರತಿ ನಿಮಿಷಕ್ಕೂ ಇಣುಕುತ್ತಿರುತ್ತಾರೆ. ಒಂದು ಮಾತು ಮಾತ್ರ ಒಪ್ಪಬೇಕು: ಕೊನೆಗೆ ಗಂಡ-ಹೆಂಡತಿಯನ್ನು ಒಂದು ಮಾಡಲಿಲ್ಲ. ಅಷ್ಟು ಧೈರ್ಯ 1997ರ 'ಚಾಚಿ 420'ಗೆ ಇರಲಿಲ್ಲ.

ಚಾಚಿ ಅಂದರೆ ಕಮಲ್ ಹಾಸನ್. ಹಿಂದಿನ ವರ್ಷ ತಮಿಳಿನಲ್ಲಿ ಬಂದ 'ಅವ್ವೈ ಷಣ್ಮುಗಿ'ಯನ್ನೇ ಹಿಂದಿಗೆ ತಂದು ತಾವೇ ನಿರ್ದೇಶಿಸಿದ್ದು. ಡೌಟ್‌ಫೈರ್‌ನ ಕಥೆಯೇ, ಆದರೆ ಮನೆ ನಮ್ಮದು: ಮಾವ, ಅಡಿಗೆಮನೆ, ಮಡಿ-ಮೈಲಿಗೆ ಎಲ್ಲ ಇದೆ. ಮೊಗ್ಯಾಂಬೊ ಆಗಿ ಹೆದರಿಸಿದ್ದ ಅಮರೀಶ್ ಪುರಿ ಚಾಚಿ ಎದುರು ನಾಚುವುದನ್ನು ನೋಡಬೇಕು! ಕಮಲ್ ಹಾಸನ್ ಸೆರಗು ಸರಿ ಮಾಡಿಕೊಳ್ಳುವ ರೀತಿಗೆ ನಾನು ಪೂರ್ತಿ ಅಂಕ ಕೊಟ್ಟೆ. ಆಯಿ (ಅಮ್ಮ) ಕೊಡಲಿಲ್ಲ. "ಇಂವ ನಡ್ಯದೇ ಸರಿ ಇಲ್ಲೆ" ಅಂದಳು. ಸ್ತ್ರೀವೇಷಗಳನ್ನು ಹತ್ತಿರದಿಂದ ನೋಡಿದವಳ ಎದುರು ಏನು ವಾದ ಮಾಡುವುದು?

ನನ್ನ ಲೆಕ್ಕದಲ್ಲಿ ಡೌಟ್‌ಫೈರ್, ಚಾಚಿ ಎರಡೂ ಕೀಚಕ ವಧೆಯ ಭೀಮ ಇದ್ದ ಹಾಗೆ. ಸೀರೆಯೊಳಗಿಂದ ಭೀಮ ಯಾವಾಗ ಹೊರಬರುತ್ತಾನೆ ಅಂತ ಕಾಯುವುದೇ ಅಲ್ಲಿ ಖುಷಿ. ಟೂಟ್ಸಿಯಲ್ಲಿ ಮಾತ್ರ ಕೊನೆಗೆ ನೇರ ಪ್ರಸಾರದ ಕ್ಯಾಮೆರಾ ಎದುರೇ ವಿಗ್ ಕಿತ್ತಾಗ ನನಗೆ ಬೇಜಾರಾಯಿತು. ಡೊರೊಥಿ ಇನ್ನು ಬರುವುದಿಲ್ಲವಲ್ಲ!

ಮನೆಮಂದಿ ಎಲ್ಲ ಕೂತು ನೋಡುವುದಾದರೆ ಯೋಚನೆ ಮಾಡದೆ ಚಾಚಿ ಹಾಕಿ. ಮಕ್ಕಳಿಗೆ ಡೌಟ್‌ಫೈರ್ ಸಾಕು. ಒಬ್ಬರೇ ಇದ್ದಾಗ ಟೂಟ್ಸಿ. ಅದರ ಮೇಲೂ ನನಗೊಂದು ಸಿಟ್ಟಿದೆ: ಡೊರೊಥಿಗೆ ಸಿಕ್ಕ ಪಾತ್ರಕ್ಕೆ ಮೊದಲು ಹೋಗಿ ಬರಿಗೈಲಿ ವಾಪಸ್ ಬಂದವಳು ಸ್ಯಾಂಡಿ, ಮೈಕೆಲ್‌ನ ಗೆಳತಿ. ಅವಳಿಗೆ ಪಾತ್ರವೂ ಇಲ್ಲ, ಸತ್ಯವೂ ಇಲ್ಲ, ಮೈಕೆಲ್ ಕೊನೆವರೆಗೂ ಆಟ ಆಡಿಸುತ್ತಾನೆ. ಹೆಣ್ಣಾಗಿ ಇಷ್ಟೆಲ್ಲ ಕಲಿತೆ ಅನ್ನುವವನು ಅವಳ ಹತ್ತಿರ ನೆಟ್ಟಗೆ ಒಂದು ಕ್ಷಮೆಯನ್ನಾದರೂ ಕೇಳಬೇಕಿತ್ತು, ಅಲ್ವಾ?