ಅಕ್ಕಿಹಿಟ್ಟಿನ ಇಂಗು: ಐದು ವರ್ಷ, ಹತ್ತೊಂಬತ್ತು ಡಬ್ಬಿ

ಅಕ್ಕಿಹಿಟ್ಟು ಬೆರೆಸಿದ ಪುಡಿ ಇಂಗು, ಐವತ್ತು ಗ್ರಾಂ ಡಬ್ಬಿ. ಐದು ವರ್ಷಗಳಲ್ಲಿ ಹದಿನೆಂಟು ಡಬ್ಬಿ ಖಾಲಿ ಮಾಡಿದ್ದೇನೆ. ಹತ್ತೊಂಬತ್ತನೆಯದನ್ನು ಮುಚ್ಚಳ ತೆರೆಯದೆ ವಾಪಸ್ ಕಳುಹಿಸಿದೆ. ಬರೆಯಲು ಕುಳಿತದ್ದು ಆ ಹತ್ತೊಂಬತ್ತನೆಯ ಡಬ್ಬಿಯ ಸಿಟ್ಟಿನಿಂದ. ಆದರೆ ಮೊದಲ ಹದಿನೆಂಟು ಡಬ್ಬಿಗಳ ಋಣವನ್ನು ಹೇಳದೆ ಅದನ್ನು ಮಾತ್ರ ಹೇಳಿದರೆ ಅನ್ಯಾಯವಾಗುತ್ತದೆ.

ನನಗೆ ಸೀಲಿಯಾಕ್ ಕಾಯಿಲೆ ಇದೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದರೆ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಅನ್ನದ ಸತ್ತ್ವವನ್ನು ಹೀರಿಕೊಳ್ಳುವ ಬೆರಳಿನಂಥ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ನನ್ನಲ್ಲಿ ಹೊಟ್ಟೆನೋವಿಗಿಂತ ಮೊದಲು ಕಾಣಿಸಿದ್ದು ರಕ್ತಹೀನತೆ. ನಾಲ್ಕು ವರ್ಷ ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಎಂಟು ದಾಟಲಿಲ್ಲ. ಕೊನೆಗೆ ಶಿವಮೊಗ್ಗದ ವೈದ್ಯರೊಬ್ಬರು ರಕ್ತದಲ್ಲಿ ಪ್ರತಿಕಾಯಗಳ ಪರೀಕ್ಷೆ ಮಾಡಿಸಿ, ಆಮೇಲೆ ಎಂಡೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದು ನೋಡಿದಾಗ ಕಾಯಿಲೆಯ ಹೆಸರು ಗೊತ್ತಾಯಿತು. ಇದಕ್ಕೆ ಮಾತ್ರೆ ಇಲ್ಲ. ಗ್ಲುಟೆನ್ ಬಿಡುವುದೇ ಚಿಕಿತ್ಸೆ, ಬದುಕಿರುವಷ್ಟು ದಿನವೂ.

ನಮ್ಮ ಸಾಗರದ ಕಡೆಯವರಿಗೆ ಇದು ದೊಡ್ಡ ಕಷ್ಟವಲ್ಲ ಎಂದುಕೊಂಡೆ. ಬೆಳಿಗ್ಗೆ ಅಕ್ಕಿಯ ತೆಳು ದೋಸೆಯಾದ ತೆಳ್ಳೇವು, ಮಳೆಗಾಲಕ್ಕೆ ಕಡುಬು, ನೆಂಟರು ಬಂದರೆ ಒತ್ತು ಶಾವಿಗೆ, ಮಧ್ಯಾಹ್ನ ಅನ್ನ, ರಾತ್ರಿಯೂ ಅನ್ನ. ಚಪಾತಿ ನಮ್ಮ ಮನೆಗೆ ಬಂದದ್ದೇ ಯಜಮಾನರಿಗೆ ಸಕ್ಕರೆ ಕಾಯಿಲೆ ಕಂಡ ಮೇಲೆ. ಉಪ್ಪಿಟ್ಟು ಬಿಟ್ಟೆ, ಬಿಸ್ಕತ್ತು ಬಿಟ್ಟೆ, ಬೇಕರಿಯ ಕಡೆ ತಿರುಗಿಯೂ ನೋಡಲಿಲ್ಲ. ಬಾರ್ಲಿ ಮಾಲ್ಟ್ ಇರುವ ಹಾಲಿನ ಪುಡಿಯನ್ನೂ ಬಿಟ್ಟೆ. ಆರು ತಿಂಗಳ ನಂತರ ಪರೀಕ್ಷೆ ಮಾಡಿಸಿದರೆ ಪ್ರತಿಕಾಯ ಇಳಿದಿತ್ತು, ಆದರೆ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ವೈದ್ಯರು ಬೈಯಲಿಲ್ಲ. "ಮುಂದಿನ ಸಲ ಬರುವಾಗ ಅಡುಗೆಮನೆಯ ಡಬ್ಬಿ, ಪೊಟ್ಟಣಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿಕೊಂಡು ಬನ್ನಿ" ಎಂದರು. ಬಸ್ಸಿನಲ್ಲಿ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಅವರು ಒಂದೊಂದನ್ನೇ ತಿರುಗಿಸಿ ಓದಿ, ಹಳದಿ ಬಣ್ಣದ ಇಂಗಿನ ಡಬ್ಬಿಯನ್ನು ಪಕ್ಕಕ್ಕಿಟ್ಟರು. ಅದರಲ್ಲಿ ಗೋಧಿಹಿಟ್ಟು ಇತ್ತು.

ಇಂಗು ಮೂಲದಲ್ಲಿ ಒಂದು ಗಿಡದ ಬೇರಿನಿಂದ ಒಸರುವ ಅಂಟು. ಅದರಲ್ಲಿ ಗ್ಲುಟೆನ್ ಇಲ್ಲ. ಇರಾನ್, ಅಫ್ಘಾನಿಸ್ತಾನದ ಕಡೆಯಿಂದ ಬರುವ ಆ ಅಂಟು ತೀರಾ ಖಾರ, ತೀರಾ ಗಾಢ. ಅದನ್ನು ಹಾಗೆಯೇ ಸೌಟಿಗೆ ಹಾಕುವಂತಿಲ್ಲ. ಆದ್ದರಿಂದ ಗೋಂದು ಮತ್ತು ಹಿಟ್ಟು ಬೆರೆಸಿ ಹದಗೊಳಿಸಿ ಮಾರುತ್ತಾರೆ. ಅಂಗಡಿಯಲ್ಲಿ ಸಿಗುವ ಇಂಗು ಬಹುಪಾಲು ಈ ಬೆರಕೆ ಇಂಗೇ. ಬೆರೆಸುವ ಹಿಟ್ಟು ಅಕ್ಕಿಯದೂ ಇರಬಹುದು, ಗೋಧಿಯದೂ ಇರಬಹುದು. ಎರಡಕ್ಕೂ ಕಾನೂನಿನ ಒಪ್ಪಿಗೆ ಇದೆ. ಊಟದಲ್ಲಿ ಎಲ್ಲೂ ಇಲ್ಲದ ಗೋಧಿ ನಮ್ಮಂಥವರ ಮನೆಯಲ್ಲಿ ಒಗ್ಗರಣೆಯಲ್ಲಿ ಅಡಗಿ ಕುಳಿತಿರುತ್ತದೆ. ಸಾರಿನ ಪುಡಿ, ಹಪ್ಪಳ, ಉಪ್ಪಿನಕಾಯಿ, ಹೀಗೆ ಇಂಗು ಹೋದಲ್ಲೆಲ್ಲ ಅದೂ ಹೋಗುತ್ತದೆ.

"ಒಂದು ಚಿಟಿಕೆಯಿಂದ ಏನಾಗುತ್ತದೆ ಅತ್ತಿಗೆ?" ಎಂದು ನನ್ನ ನಾದಿನಿ ಕೇಳಿದ್ದಳು. ಅವಳೆದುರೇ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ಅರ್ಧ ಗ್ರಾಂ ಇಂಗು; ಅದರಲ್ಲಿ ಅರ್ಧ ಗೋಧಿಹಿಟ್ಟು ಎಂದಿಟ್ಟುಕೊಂಡರೆ 250 ಮಿಲಿಗ್ರಾಂ. ಹಿಟ್ಟಿನ ಹತ್ತರಲ್ಲೊಂದು ಪಾಲು ಪ್ರೋಟೀನ್, ಅದರ ಬಹುಪಾಲು ಗ್ಲುಟೆನ್. ಹಾಗಾಗಿ ಸುಮಾರು 20 ಮಿಲಿಗ್ರಾಂ. ಐದು ಜನರ ಸಾರಿನಲ್ಲಿ ನನ್ನ ಪಾಲಿಗೆ ನಾಲ್ಕು ಬರುತ್ತದೆ. ಮಜ್ಜಿಗೆಗೆ ಉಪ್ಪು ಇಂಗು ಹಾಕಿ ಕುಡಿಯುವುದು ನನಗೆ ಚಿಕ್ಕಂದಿನಿಂದ ರೂಢಿ. ಆ ಲೋಟದ ಇಪ್ಪತ್ತೂ ನನ್ನದೇ. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಹೆಚ್ಚಿನವರ ಕರುಳು ತಡೆದುಕೊಳ್ಳುತ್ತದೆ ಎನ್ನುತ್ತಾರೆ. ದಿನಕ್ಕೆ 50 ಮಿಲಿಗ್ರಾಂನಂತೆ ಮೂರು ತಿಂಗಳು ಕೊಟ್ಟಾಗ ಕರುಳಿನ ಪದರ ಮತ್ತೆ ಹಾಳಾಗುವುದನ್ನು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ನಾನು ಎರಡು ಹೊತ್ತು ಮಜ್ಜಿಗೆ ಕುಡಿಯುವವಳು. ನಾದಿನಿ ಆಮೇಲೆ ಆ ಪ್ರಶ್ನೆ ಕೇಳಲಿಲ್ಲ.

ಗೋಧಿ ಇಲ್ಲದ ಇಂಗು ಹುಡುಕಲು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಇಡೀ ಮಧ್ಯಾಹ್ನ ಅಲೆದೆ. ದಕ್ಷಿಣದಲ್ಲಿ ಈ ಕಾಯಿಲೆ ಉತ್ತರ ಭಾರತಕ್ಕಿಂತ ಬಹಳ ಕಡಿಮೆ ಇರುವುದರಿಂದ ಅಂಗಡಿಯವರಿಗೆ ಗ್ಲುಟೆನ್ ಎಂಬ ಪದವೇ ಹೊಸದು. ಒಬ್ಬರು ಡಬ್ಬಿಯ ಮೇಲಿನ ಹಸಿರು ಚುಕ್ಕೆ ತೋರಿಸಿ, "ಅಕ್ಕ, ಇದು ಶುದ್ಧ, ಧೈರ್ಯವಾಗಿ ತೆಗೆದುಕೊಳ್ಳಿ" ಎಂದರು. ಅವರು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಹಸಿರು ಚುಕ್ಕೆ ಹೇಳುವುದು ಸಸ್ಯಾಹಾರ ಎಂದು ಮಾತ್ರ. ಗೋಧಿಯೂ ಸಸ್ಯಾಹಾರವೇ. ಇನ್ನು ಕೆಲವು ಡಬ್ಬಿಗಳಲ್ಲಿ ಬರೀ 'ಖಾದ್ಯ ಹಿಟ್ಟು' ಎಂದಿತ್ತು, ಯಾವ ಹಿಟ್ಟು ಎಂದಿರಲಿಲ್ಲ. ಅಂಥದ್ದನ್ನು ನಾನು ಗೋಧಿ ಎಂದೇ ಲೆಕ್ಕ ಹಾಕಿ ಕೆಳಗಿಡುತ್ತೇನೆ. ಕೊನೆಗೆ ಈ ಡಬ್ಬಿಯನ್ನು ಮೊಬೈಲಿನಲ್ಲಿ ಹುಡುಕಿ ತರಿಸಿದೆ. ಡಬ್ಬಿಯ ಹಿಂಬದಿಯಲ್ಲಿ ಅಕ್ಕಿಹಿಟ್ಟು ಎಂದು ಸ್ಪಷ್ಟವಾಗಿತ್ತು. ಮುಂಬದಿಯಲ್ಲಿ 'ಗ್ಲುಟೆನ್ ಮುಕ್ತ' ಎಂಬ ದುಂಡು ಗುರುತು ಇತ್ತು. ನಮ್ಮ ದೇಶದ ನಿಯಮದಂತೆ ಹಾಗೆ ಬರೆಯಬೇಕಾದರೆ ಒಂದು ಕಿಲೋದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು. ಬೆಲೆ 240 ರೂಪಾಯಿ, ಊರಿನ ಅಂಗಡಿಯ ಇಂಗಿನ ಎರಡೂವರೆ ಪಟ್ಟು. ಆದರೆ ಒಂದು ಡಬ್ಬಿ ಮೂರು ತಿಂಗಳು ದಾಟಿ ಬರುತ್ತದೆ. ನನ್ನ ಮಾತ್ರೆಗಳ ಖರ್ಚು ಇದಕ್ಕಿಂತ ಹೆಚ್ಚಿತ್ತು.

ಇನ್ನು ಇಂಗಿನ ಗುಣ. ಗೋಧಿಯ ಇಂಗು ಕಾದ ಎಣ್ಣೆಗೆ ಬಿದ್ದ ತಕ್ಷಣ ಕಂದಿ ತಳ ಹಿಡಿಯುತ್ತಿತ್ತು. ಇದು ಹಾಗಲ್ಲ. ಸಾಸಿವೆ ಚಟಪಟ ಎಂದು ಮುಗಿದು, ಒಣಮೆಣಸು ಉಬ್ಬಿ, ಸೌಟನ್ನು ಒಲೆಯಿಂದ ಇಳಿಸಿದ ಮೇಲೆ ಹಾಕಬೇಕು. ಉರಿಯ ಮೇಲಿರುವಾಗ ಹಾಕಿದರೆ ಪರಿಮಳ ಅಡುಗೆಮನೆಗೆ ಹೋಗುತ್ತದೆ, ಸಾರಿಗೆ ಬರುವುದಿಲ್ಲ. ಇಳಿಸಿ ಹಾಕಿದರೆ ಪುಡಿ ಸಣ್ಣ ನೊರೆಯಾಗಿ ಅರಳುತ್ತದೆ. ಆ ನೊರೆ ಕುಗ್ಗುವ ಮೊದಲೇ ಅಪ್ಪೆಹುಳಿಗೆ ಸುರಿದು ಮುಚ್ಚಬೇಕು. ಮುಚ್ಚಳದ ಮೇಲೆ ಕೈಯಿಟ್ಟು ನಾನು ಹತ್ತು ಎಣಿಸುತ್ತೇನೆ. ತೆರೆದಾಗ ಮಾವಿನ ಹುಳಿಯ ಜೊತೆ ಏಳುವ ಆ ವಾಸನೆಗಾಗಿ ಆರು ತಿಂಗಳು ಹಂಬಲಿಸಿದ್ದೆ. ಮೊದಲ ಡಬ್ಬಿ ಬಂದ ದಿನ ಅಪ್ಪೆಹುಳಿಯನ್ನು ಅನ್ನಕ್ಕೆ ಕಲಸದೆ ಲೋಟದಲ್ಲಿ ಹಾಕಿಕೊಂಡು ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಕುಡಿದೆ.

ಕೊರತೆ ಇಲ್ಲವೆಂದಲ್ಲ. ಆಷಾಢದಲ್ಲಿ ಹೊರಗೆ ಮಳೆ ಹಿಡಿದರೆ ಡಬ್ಬಿಯೊಳಗೆ ಪುಡಿ ಕಲ್ಲಾಗುತ್ತದೆ. ಮುಚ್ಚಳದ ತೂತುಗಳು ಕಟ್ಟಿಕೊಂಡು, ಹೇರ್‌ಪಿನ್ನಿನಿಂದ ಚುಚ್ಚಿದರೂ ಬೀಳುವುದಿಲ್ಲ. ಮಳೆಗಾಲದ ಡಬ್ಬಿಯನ್ನು ನಾನು ತಂದ ದಿನವೇ ಗಾಜಿನ ಸಣ್ಣ ಭರಣಿಗೆ ಸುರಿದು, ಹುರಿದ ಅಕ್ಕಿಯ ನಾಲ್ಕು ಕಾಳು ಹಾಕಿ, ಒಲೆಯ ಪಕ್ಕದ ಬೆಚ್ಚಗಿನ ಗೂಡಿನಲ್ಲಿ ಇಡುತ್ತೇನೆ. ಗಟ್ಟಿಯಾದರೆ ಚೂರು ಮುರಿದು ಬಿಸಿನೀರಿನಲ್ಲಿ ನೆನೆಸಿ ಆ ನೀರನ್ನೇ ಹಾಕುವುದು.

ಕಳೆದ ಮಾಘದಲ್ಲಿ ತಂಗಿಯ ಮಗಳ ಮದುವೆ ಹೊಸನಗರದ ಹತ್ತಿರದ ಹಳ್ಳಿಯಲ್ಲಿ ನಡೆಯಿತು. ಇಂಥ ಕಡೆ ನಾನು ಮನೆಯಿಂದ ಡಬ್ಬಿ ಕಟ್ಟಿಕೊಂಡು ಹೋಗುವುದು ವಾಡಿಕೆ. ಆ ಸಲ ಬೆಳಿಗ್ಗೆಯೇ ಅಡುಗೆಯ ಚಪ್ಪರಕ್ಕೆ ಹೋಗಿ, "ಭಟ್ಟರೇ, ಒಂದು ಸಣ್ಣ ಪಾತ್ರೆಯಲ್ಲಿ ನನಗೆ ಬೇರೆ ಸಾರು ತೆಗೆದಿಟ್ಟು, ಈ ಇಂಗಿನಲ್ಲಿ ಒಗ್ಗರಣೆ ಕೊಡುತ್ತೀರಾ?" ಎಂದು ಕೇಳಿದೆ. ಅವರು ಕಾರಣ ಪೂರ್ತಿ ಕೇಳಿಸಿಕೊಂಡರು. ಡಬ್ಬಿ ತೆಗೆದುಕೊಂಡು ಮೂಸಿ ನೋಡಿದರು. "ಬೇರೆ ಪಾತ್ರೆ ಯಾಕೆ ತಂಗಿ? ಎಲ್ಲರಿಗೂ ಇದೇ ಇರಲಿ" ಎಂದು ಮುನ್ನೂರು ಜನರ ಸಾರಿಗೆ ಇಡೀ ಡಬ್ಬಿ ಬಗ್ಗಿಸಿದರು. ಸೌಟನ್ನು ಮೊದಲು ತೊಳೆಸಿದರು. ಹೋಳಿಗೆ ನನಗೆ ಇರಲಿಲ್ಲ, ಕಣಕದಲ್ಲಿ ಮೈದಾ ಇತ್ತು. ಆದರೆ ಎಲ್ಲರ ಪಂಕ್ತಿಯಲ್ಲಿ ಕುಳಿತು, ಬಡಿಸುವವರ ಬಕೆಟ್ಟಿನಿಂದಲೇ ನೇರವಾಗಿ ಎಲೆಗೆ ಸಾರು ಹಾಕಿಸಿಕೊಂಡೆ. ಕಾಯಿಲೆ ಗೊತ್ತಾದ ಮೇಲೆ ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು.

ಈಗ ಹತ್ತೊಂಬತ್ತನೆಯ ಡಬ್ಬಿಯ ವಿಷಯ. ದೇಶದ ಆಹಾರ ನಿಯಮದಂತೆ ಪೊಟ್ಟಣಗಳ ಮೇಲಿನ ವಿವರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಸಾಕು, ಅದರಲ್ಲಿ ಕನ್ನಡ ಕಡ್ಡಾಯವಲ್ಲ. ನನ್ನ ಅತ್ತೆಗೆ ಎಪ್ಪತ್ನಾಲ್ಕು ವರ್ಷ, ಓದಲು ಬರುವುದು ಕನ್ನಡ ಮಾತ್ರ. ನಾನು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅಡುಗೆ ಅವರದು, ಅಂಗಡಿ ಸಾಮಾನು ತೆಗೆದಿಡುವುದೂ ಅವರೇ. ಆದ್ದರಿಂದ ಮೊದಲ ವರ್ಷವೇ ಒಂದು ರಟ್ಟಿನ ಮೇಲೆ ಗೋಧಿಗಿರುವ ಇಂಗ್ಲಿಷ್ ಪದದ ಐದು ಅಕ್ಷರಗಳನ್ನು ದೊಡ್ಡದಾಗಿ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೆ. ಮೊದಲ ಅಕ್ಷರಕ್ಕೆ ಅತ್ತೆ 'ಎರಡು ಹೊಂಡದ ಅಕ್ಷರ' ಎಂದು ಹೆಸರಿಟ್ಟರು. ಪೌಡರ್ ಎಂಬ ಪದದ ನಡುವೆಯೂ ಅದು ಬರುತ್ತದೆ, ತೂಕ ಎಂದು ಬರೆಯುವಲ್ಲೂ ಬರುತ್ತದೆ. ಮೊದಮೊದಲು ಅವನ್ನೂ ಹಿಡಿದು ತಂದು ತೋರಿಸುತ್ತಿದ್ದರು. ಆಮೇಲೆ ಐದೂ ಅಕ್ಷರಗಳನ್ನು ರಟ್ಟಿನ ಜೊತೆ ಒಂದೊಂದಾಗಿ ಹೋಲಿಸಿ ನೋಡುವುದನ್ನು ಕಲಿತರು.

ನಾನು ಮೊದಲ ಏಳೆಂಟು ಡಬ್ಬಿಗಳನ್ನು ಓದಿದೆ. ಆಮೇಲೆ ಓದುವುದನ್ನು ಬಿಟ್ಟೆ. ಅದೇ ಬಣ್ಣ, ಅದೇ ಹೆಸರು, ಅದೇ ಚಿತ್ರ, ಏನು ಓದುವುದು ಎನ್ನಿಸಿತ್ತು. ಅತ್ತೆ ಬಿಡಲಿಲ್ಲ. ಕಳೆದ ತಿಂಗಳು ಸಂಜೆ ಮನೆಗೆ ಬಂದಾಗ ಹೊಸ ಡಬ್ಬಿ ಊಟದ ಮೇಜಿನ ನಡುವೆ ಒಂಟಿಯಾಗಿತ್ತು. "ಇದನ್ನು ಒಮ್ಮೆ ನೋಡು. ಐದೂ ಅಕ್ಷರ ಸರಿಯಾಗಿ ಕೂಡುತ್ತಿವೆ" ಎಂದರು. ಸರಿಯಾಗಿಯೇ ಕೂಡುತ್ತಿದ್ದವು. ಅಕ್ಕಿಹಿಟ್ಟು ಇದ್ದ ಜಾಗದಲ್ಲಿ ಗೋಧಿಹಿಟ್ಟು ಬಂದಿತ್ತು. ಮುಂದಿನ ದುಂಡು ಗುರುತು ಹೋಗಿ, ಅಷ್ಟೇ ಗಾತ್ರದ ಹಸಿರು ಎಲೆಯ ಚಿತ್ರ ಅದೇ ಜಾಗದಲ್ಲಿ ಕುಳಿತಿತ್ತು. ಉಳಿದದ್ದೆಲ್ಲ ಹಾಗೆಯೇ, ಬೆಲೆಯೂ.

ನಿಯಮದ ಪ್ರಕಾರ ತಪ್ಪಿಲ್ಲ. ಇದ್ದದ್ದನ್ನು ಇದೆ ಎಂದು ಬರೆದಿದ್ದಾರೆ. ಆದರೆ ಐದು ವರ್ಷ ಇದನ್ನೇ ನಂಬಿ ಕೊಂಡವರಿಗೆ ಡಬ್ಬಿಯ ಮುಂಬದಿಯಲ್ಲಿ 'ತಯಾರಿಕೆ ಬದಲಾಗಿದೆ' ಎಂಬ ಒಂದು ಸಾಲು ಬೇಡವೇ? ಬರೆದು ಕೇಳಿದೆ. ಹಣ ಹಿಂತಿರುಗಿಸಿದರು, ಕಾರಣ ಹೇಳಲಿಲ್ಲ. ಕಂಪನಿಯ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಹೊಗಳಿ ಹಾಕಿದ್ದರೆ ನೀವು ಆ ಹೆಸರನ್ನು ನಂಬಿ ಹಿಂದೆ ತಿರುಗಿಸಿ ಓದುತ್ತಿರಲಿಲ್ಲ. ನಾನು ಮಾಡಿದ್ದೂ ಅದನ್ನೇ.

ಅಕ್ಕಿಹಿಟ್ಟಿನ ಇಂಗಿಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ, ಮಳೆಗಾಲಕ್ಕೆ ಅರ್ಧ ಕಡಿಮೆ. ಆ ಕಂಪನಿಗೆ ಒಂದು. ನನ್ನ ಹಿಮೋಗ್ಲೋಬಿನ್ ಈಗ ಹನ್ನೆರಡರ ಮೇಲಿದೆ, ಪ್ರತಿಕಾಯ ಎರಡು ವರ್ಷದಿಂದ ಸಹಜ ಮಟ್ಟದಲ್ಲಿದೆ.

ನಿನ್ನೆ ಬೇರೆ ತಯಾರಕರ ಡಬ್ಬಿ ಬಂತು. ಹಿಂದಿನ ಸಾಲನ್ನು ನಾನು ಎರಡು ಸಲ ಓದಿ ಅತ್ತೆಯ ಕೈಗೆ ಕೊಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಕಪಾಟಿನ ಬಾಗಿಲು ತೆರೆದು, ಡಬ್ಬಿಯನ್ನು ರಟ್ಟಿನ ಪಕ್ಕ ಹಿಡಿದು, ಬೆರಳಿನಿಂದ ಒಂದೊಂದೇ ಪದ ದಾಟುತ್ತ ಹೋದರು. ಅವರು ಕೊನೆಯ ಪದ ಮುಟ್ಟುವವರೆಗೆ ನಾನು ಸೌಟಿಗೆ ಎಣ್ಣೆ ಹಾಕಲಿಲ್ಲ.