ತೆರೆಯದ ಎಕ್ಸೆಲ್ ಫೈಲುಗಳಿಗೆ ಲಿಬ್ರೆಆಫೀಸ್ ಕ್ಯಾಲ್ಕ್: ಆರು ವರ್ಷಗಳ ಬಳಕೆಯ ನಂತರ

ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆಯ ಬಗೆಗೊಂದರಂತೆ ನಾಲ್ಕು ಶೀಟುಗಳಿರುವ ಒಂದೇ ಎಕ್ಸೆಲ್ ಫೈಲಿನಲ್ಲಿ ಇಡೀ ಸುಗ್ಗಿಯ ವ್ಯವಹಾರ ಇರುತ್ತದೆ: ಯಾವ ರೈತರು ಎಷ್ಟು ಚೀಲ ತಂದರು, ತೂಕ ಎಷ್ಟು ಬಂತು, ಯಾವ ದರಕ್ಕೆ ಹೋಯಿತು, ಮೊದಲೇ ಕೊಟ್ಟ ಮುಂಗಡ ಕಳೆದು ಇನ್ನೆಷ್ಟು ಕೊಡಬೇಕು. ಆರು ವರ್ಷಗಳ ಹಿಂದೆ ನಾನು ಲಿಬ್ರೆಆಫೀಸ್ ಎಂಬ ಕಚೇರಿ ಸಾಫ್ಟ್‌ವೇರನ್ನು (ಕ್ಯಾಲ್ಕ್ ಅದರಲ್ಲಿ ಎಕ್ಸೆಲ್‌ನಂಥ ಲೆಕ್ಕದ ಭಾಗ) ಹಾಕಿಸಿಕೊಂಡದ್ದು ಈ ಲೆಕ್ಕ ಬರೆಯಲಿಕ್ಕಲ್ಲ, ಎಕ್ಸೆಲ್‌ನಲ್ಲಿ ತೆರೆಯದೆ ಹೋದ ಫೈಲುಗಳನ್ನು ತೆರೆದು ನೋಡಲಿಕ್ಕೆ. ಇಂದಿಗೂ ಅದನ್ನು ಅದಕ್ಕೇ ಬಳಸುತ್ತೇನೆ. ಆದ್ದರಿಂದ ಅದರ ಉಳಿದ ಸೌಲಭ್ಯಗಳ ಬಗ್ಗೆ ನಾನಿಲ್ಲಿ ಏನನ್ನೂ ಹೇಳುವುದಿಲ್ಲ.

ಮೊದಲ ಎರಡು ವರ್ಷ ನನ್ನ ಬಳಿ ಬಂದ 'ಕೆಟ್ಟ' ಫೈಲುಗಳಲ್ಲಿ ಹೆಚ್ಚಿನವು ನಿಜವಾಗಿ ಕೆಟ್ಟಿರಲಿಲ್ಲ. ಜಾಲತಾಣಗಳಿಂದ ಇಳಿಸಿಕೊಂಡ ಕೆಲವು ವರದಿಗಳ ಹೆಸರಿನ ಕೊನೆಯಲ್ಲಿ ಎಕ್ಸ್‌ಎಲ್‌ಎಸ್ ಎಂದಿದ್ದರೂ ಒಳಗಿರುವುದು ವೆಬ್ ಪುಟಗಳಲ್ಲಿರುವಂಥ ಬರಿಯ ಎಚ್‌ಟಿಎಂಎಲ್ ಕೋಷ್ಟಕ. ಹೆಸರಿಗೂ ಒಳಗಿನದಕ್ಕೂ ತಾಳೆಯಾಗದೆ ಎಕ್ಸೆಲ್ ಎಚ್ಚರಿಕೆ ತೋರಿಸಿದರೆ, ಫೈಲೇ ಹೋಯಿತು ಎಂದು ಜನ ಗಾಬರಿಯಾಗುತ್ತಾರೆ. ಇನ್ನು ಹಳೆಯ ನುಡಿ ಲಿಪಿಯಲ್ಲಿ ಟೈಪು ಮಾಡಿದ ಫೈಲುಗಳದು ಬೇರೆಯೇ ಕಥೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ರೈತರ ಹೆಸರಿನ ಜಾಗದಲ್ಲಿ ರೋಮನ್ ಅಕ್ಷರಗಳ ಗೋಜಲು ಕಾಣುತ್ತದೆ. ಫಾಂಟು ಹಾಕಿ ಆ ಕಾಲಂಗೆ ಅದನ್ನೇ ಆರಿಸಿದರೆ ಹೆಸರುಗಳು ಹಾಗೆಯೇ ಮರಳುತ್ತವೆ. ಇಂಥ ಕೆಲಸಗಳಿಗೆ ಕ್ಯಾಲ್ಕ್ ಇದ್ದರೆ ಸಾಕಾಗುತ್ತದೆ, ಅದಕ್ಕೆ ಹಣವನ್ನೂ ಕೊಡಬೇಕಾಗಿಲ್ಲ.

ನನಗೆ ಇದನ್ನು ಬರೆಯಬೇಕೆನಿಸಿದ್ದು ಮೂರನೆಯ ವರ್ಷದ ಸುಗ್ಗಿಯಲ್ಲಿ ನಡೆದ ಒಂದು ಪ್ರಸಂಗದಿಂದ. ಸಂಜೆ ಲೆಕ್ಕ ಮುಗಿಸಿ ಪೆನ್‌ಡ್ರೈವಿನಲ್ಲಿದ್ದ ಫೈಲನ್ನು ಸೇವ್ ಮಾಡುತ್ತಿದ್ದಾಗಲೇ, ಅದರ ದೀಪ ಇನ್ನೂ ಮಿನುಗುತ್ತಿರುವಾಗ, ನಾನು ಅವಸರದಲ್ಲಿ ಪೆನ್‌ಡ್ರೈವನ್ನು ಎಳೆದುಬಿಟ್ಟೆ. ಮರುದಿನ ಬೆಳಿಗ್ಗೆ ಫೈಲು ತೆರೆಯಲಿಲ್ಲ. ಎಕ್ಸೆಲ್‌ನ 'ಓಪನ್ ಆಂಡ್ ರಿಪೇರ್' ಆಯ್ಕೆಯನ್ನು ಮೊದಲು ಪ್ರಯತ್ನಿಸಿದೆ. ಫೈಲಿನ ಚೌಕಟ್ಟು ಸರಿಯಾಗಿದ್ದು ಒಳಗೆ ಎಲ್ಲೋ ಒಂದೆಡೆ ದೋಷವಿದ್ದಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಇಲ್ಲಿ ಫೈಲಿನ ಬಾಲವೇ ತುಂಡಾಗಿತ್ತು. ನನ್ನಲ್ಲಿದ್ದ ಹಳೆಯ ಪ್ರತಿ ಹದಿನೈದು ದಿನ ಹಿಂದಿನದು, ಮತ್ತು ಆ ಹದಿನೈದು ದಿನಗಳು ಸುಗ್ಗಿಯ ನಟ್ಟನಡುವಿನವು.

ಆ ಗಾಬರಿಯಲ್ಲಿ ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಫೈಲು ಸರಿಪಡಿಸಿಕೊಡುವುದಾಗಿ ಹೇಳುವ ಒಂದು ಸಾಫ್ಟ್‌ವೇರಿಗೆ ಸುಮಾರು ನಾಲ್ಕು ಸಾವಿರ ರೂಪಾಯಿ ಕಟ್ಟಿದೆ. ಹಣ ಕಟ್ಟುವ ಮೊದಲು ತೋರಿಸುವ ಮುನ್ನೋಟದಲ್ಲಿ ಚೀಲ, ತೂಕ, ದರಗಳೆಲ್ಲ ಅಚ್ಚುಕಟ್ಟಾಗಿ ಕಂಡವು. ಹಣ ಕಟ್ಟಿದ ಮೇಲೆ ಸಿಕ್ಕಿದ ಫೈಲಿನಲ್ಲಿ ಅಂಕಿಗಳಿದ್ದವು, ಆದರೆ ಒಬ್ಬ ರೈತರ ಹೆಸರೂ ಇರಲಿಲ್ಲ. ಹೆಸರಿಲ್ಲದ ತೂಕವನ್ನು ಇಟ್ಟುಕೊಂಡು ಮಂಡಿಯಲ್ಲಿ ಯಾರಿಗೆ ಹಣ ಕೊಡುವುದು? ನನ್ನ ಸಂಬಳದಲ್ಲಿ ನಾಲ್ಕು ಸಾವಿರ ಸಣ್ಣ ಮೊತ್ತವಲ್ಲ. ಹೆಸರುಗಳು ಬರುವುದಿಲ್ಲ ಎಂಬುದನ್ನು ಹಣ ಪಡೆಯುವ ಮೊದಲೇ ತಿಳಿಸಬೇಕಾಗಿತ್ತು ಎಂಬ ನನ್ನ ಬೇಸರ ಇಂದಿಗೂ ಹೋಗಿಲ್ಲ.

ಅದೇ ಮಧ್ಯಾಹ್ನ ಆ ಫೈಲಿನ ಒಂದು ನಕಲನ್ನು ಕ್ಯಾಲ್ಕ್‌ನಲ್ಲಿ ತೆರೆಯಲು ನೋಡಿದೆ. ಫೈಲು ಹಾಳಾಗಿದೆ, ಸರಿಪಡಿಸಲೇ ಎಂದು ಅದು ಕೇಳಿತು, ಹೌದು ಎಂದೆ. ನಾಲ್ಕೂ ಶೀಟುಗಳು ತೆರೆದುಕೊಂಡವು. ನಾಲ್ಕು ಸಾವಿರ ಕೊಟ್ಟು ಪಡೆದದ್ದೆಲ್ಲ ಇಲ್ಲಿ ಪುಕ್ಕಟೆಯಾಗಿ ಸಿಕ್ಕಿತ್ತು, ಆದರೆ ಇಲ್ಲಿಯೂ ಹೆಸರುಗಳಿರಲಿಲ್ಲ. ಎರಡು ಬೇರೆ ಬೇರೆ ಸಾಫ್ಟ್‌ವೇರುಗಳು ಒಂದೇ ಕಾಲಂ ಅನ್ನು ಕಳೆದುಕೊಂಡಿದ್ದರೆ, ಕಾರಣ ಸಾಫ್ಟ್‌ವೇರಿನಲ್ಲಿಲ್ಲ, ಫೈಲಿನಲ್ಲೇ ಇರಬೇಕು ಎಂದು ನನಗೆ ಹೊಳೆದದ್ದು ಆಗ.

ಎಕ್ಸೆಲ್ 2007ರಿಂದ ಬಂದ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲು ವಾಸ್ತವವಾಗಿ ಒಂದು ಜಿಪ್ ಕಟ್ಟು, ಅಂದರೆ ಹಲವು ಕಡತಗಳನ್ನು ಕುಗ್ಗಿಸಿ ಒಂದಾಗಿ ಕಟ್ಟಿದ್ದು. ನೋಟ್‌ಪ್ಯಾಡಿನಲ್ಲಿ ತೆರೆದರೆ ಮೊದಲ ಎರಡು ಅಕ್ಷರಗಳಾಗಿ ಪಿ ಮತ್ತು ಕೆ ಕಾಣುತ್ತವೆ. ಜಿಪ್ ವಿಧಾನವನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು ಅವು. ಕಟ್ಟಿನೊಳಗೆ ಪ್ರತಿ ಶೀಟಿಗೂ ಒಂದೊಂದು ಪಠ್ಯರೂಪದ ಎಕ್ಸ್‌ಎಂಎಲ್ ಕಡತ ಇರುತ್ತದೆ. ಎಕ್ಸೆಲ್ ಸೇವ್ ಮಾಡುವಾಗ ನಾವು ಟೈಪು ಮಾಡಿದ ಪದಗಳನ್ನು ಶೀಟಿನೊಳಗೆ ಇಡದೆ, 'ಶೇರ್ಡ್ ಸ್ಟ್ರಿಂಗ್ಸ್' ಎಂಬ ಪ್ರತ್ಯೇಕ ಕಡತದಲ್ಲಿ ಸಾಲಾಗಿ ಜೋಡಿಸುತ್ತದೆ. ಶೀಟಿನಲ್ಲಿ ಉಳಿಯುವುದು ಆ ಸಾಲಿನ ಕ್ರಮಸಂಖ್ಯೆ ಮಾತ್ರ. ಒಬ್ಬ ರೈತರ ಹೆಸರು ನೂರು ಸಲ ಬಂದರೂ ಅದನ್ನು ಒಮ್ಮೆ ಬರೆದರೆ ಸಾಕಾಗುತ್ತದೆ ಎಂಬುದು ಇದರ ಅನುಕೂಲ. ಈ ಪದಗಳ ಕಡತ ಸಾಮಾನ್ಯವಾಗಿ ಕಟ್ಟಿನಲ್ಲಿ ಶೀಟುಗಳ ನಂತರ ಬರುತ್ತದೆ, ಕಟ್ಟಿನ ವಿಷಯಸೂಚಿ ಎಲ್ಲಕ್ಕಿಂತ ಕೊನೆಯಲ್ಲಿರುತ್ತದೆ. ಬಾಲ ತುಂಡಾದ ನನ್ನ ಫೈಲಿನಲ್ಲಿ ಅಂಕಿಗಳು ಉಳಿದು ಹೆಸರುಗಳು ಹೋದದ್ದು ಹೀಗೆ.

ನಕಲನ್ನು 7-ಜಿಪ್‌ನಲ್ಲಿ ಬಿಚ್ಚಿ ರಾಶಿ ಶೀಟಿನ ಕಡತವನ್ನು ನೋಡಿದೆ. ಹೆಸರಿನ ಕಾಲಂನ 37ನೆಯ ಸಾಲಿನಲ್ಲಿ 214 ಎಂಬ ಸಂಖ್ಯೆ ಇತ್ತು. ಹದಿನೈದು ದಿನ ಹಳೆಯ ಪ್ರತಿಯಲ್ಲಿ ಅದೇ 37ನೆಯ ಸಾಲಿನಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ರೈತರ ಹೆಸರಿತ್ತು. ಅಂದರೆ ಈ ಫೈಲಿನಲ್ಲಿ 214 ಎಂದರೆ ಅವರೇ. ಮುಂದೆ 412ನೆಯ ಸಾಲಿನಲ್ಲಿ, ಹಳೆಯ ಪ್ರತಿಯಲ್ಲಿಲ್ಲದ ಹೊಸ ಸಾಲಿನಲ್ಲಿ, ಮತ್ತೆ 214 ಬಂದಿತ್ತು. ಬೆಟ್ಟೆ ಶೀಟಿನಲ್ಲಿಯೂ ಎರಡು ಕಡೆ ಇತ್ತು, ಏಕೆಂದರೆ ಎಲ್ಲ ಶೀಟುಗಳಿಗೂ ಪದಗಳ ಪಟ್ಟಿ ಒಂದೇ. ಆ ಕ್ಷಣದ ಸಮಾಧಾನವನ್ನು ನಾನು ಮರೆತಿಲ್ಲ. ಹೆಸರುಗಳು ಅಳಿಸಿಹೋಗಿದ್ದರೂ ಯಾವ ಸಾಲು ಯಾರದು ಎಂಬ ಗುರುತು ಅಳಿಸಿರಲಿಲ್ಲ.

ಉಳಿದದ್ದು ತಾಳ್ಮೆಯ ಕೆಲಸ. 'ಇದು ಸಂಖ್ಯೆಯಲ್ಲ, ಪದದ ಕ್ರಮಸಂಖ್ಯೆ' ಎಂದು ಹೇಳುವ ಒಂದು ಚಿಕ್ಕ ಗುರುತು ಅಂಥ ಪ್ರತಿ ಸೆಲ್‌ಗೂ ಇರುತ್ತದೆ. ಹುಡುಕಿ ಬದಲಿಸುವ ಸೌಲಭ್ಯದಿಂದ ಆ ಗುರುತನ್ನೆಲ್ಲ ಒಂದೇ ಸಲಕ್ಕೆ ತೆಗೆದು, ಕಡತಗಳನ್ನು ಮತ್ತೆ ಜಿಪ್ ಮಾಡಿ, ಹೆಸರನ್ನು ಎಕ್ಸ್‌ಎಲ್‌ಎಸ್‌ಎಕ್ಸ್ ಎಂದು ಬದಲಿಸಿ ಕ್ಯಾಲ್ಕ್‌ನಲ್ಲಿ ತೆರೆದಾಗ, ಖಾಲಿಯಾಗಿದ್ದ ಕಾಲಂನಲ್ಲಿ 214, 87, 309 ಎಂದು ಸಂಖ್ಯೆಗಳು ಬಂದು ನಿಂತವು. ಹಳೆಯ ಪ್ರತಿಯ ಸಾಲುಗಳೊಂದಿಗೆ ತಾಳೆ ಮಾಡಿ ಸಂಖ್ಯೆಗೊಂದು ಹೆಸರಿನ ಪಟ್ಟಿ ತಯಾರಿಸಿದೆ. ಪಟ್ಟಿಯಲ್ಲಿ ಹುಡುಕಿ ತಂದುಕೊಡುವ ವಿ-ಲುಕಪ್ ಸೂತ್ರದಿಂದ ಹೊಸ ಸಾಲುಗಳಿಗೂ ಹೆಸರು ತುಂಬಿದೆ. ಆ ಹದಿನೈದು ದಿನಗಳಲ್ಲಿ ಮೊದಲ ಬಾರಿಗೆ ನಮ್ಮ ಮಂಡಿಗೆ ಬಂದಿದ್ದ ಒಂಬತ್ತು ಜನರ ಹೆಸರು ಮಾತ್ರ ತುಂಬದೆ ಬಾಕಿ ಉಳಿಯಿತು. ಅವನ್ನು ತೂಕದ ಚೀಟಿಗಳ ಕಟ್ಟಿನಿಂದ ಹುಡುಕಿ ತೆಗೆದೆ. ರಾತ್ರಿ ಹತ್ತಕ್ಕೆ ನಾಲ್ಕೂ ಶೀಟುಗಳ ಒಟ್ಟು ತೂಕ ದಿನಚರಿ ಪುಸ್ತಕದೊಂದಿಗೆ ತಾಳೆಯಾಯಿತು. ಮರುದಿನ ಬಂದ ರೈತರಿಗೆ ಯಜಮಾನರು ಎಂದಿನಂತೆ ಹಣ ಪಾವತಿ ಮಾಡಿದರು.

ಕೆಲವು ಮಿತಿಗಳನ್ನೂ ಹೇಳಬೇಕು. ಎಕ್ಸೆಲ್‌ನಲ್ಲಿ ಬರೆದ ಮ್ಯಾಕ್ರೋಗಳೆಲ್ಲ (ಕೆಲಸಗಳನ್ನು ತಾನಾಗಿಯೇ ಮಾಡಿಸುವ ಚಿಕ್ಕ ಪ್ರೋಗ್ರಾಂಗಳು) ಕ್ಯಾಲ್ಕ್‌ನಲ್ಲಿ ನಡೆಯುತ್ತವೆ ಎಂದು ನಂಬುವಂತಿಲ್ಲ, ಕಾಲಂಗಳ ಅಗಲ ಮತ್ತು ಅಚ್ಚಿನ ಪುಟಗಳ ಹೊಂದಾಣಿಕೆ ಆಚೀಚೆಯಾಗಬಹುದು. ಹಾಗಾಗಿ ಫೈಲನ್ನು ಉಳಿಸಿಕೊಂಡ ಮೇಲೆ ನಾನು ಅಂಕಿಗಳನ್ನು ಎಕ್ಸೆಲ್‌ನ ಹೊಸ ಫೈಲಿಗೆ ಸಾಗಿಸಿ ಮುಂದುವರಿಯುತ್ತೇನೆ. ವಿದ್ಯುತ್ ಹೋದಾಗ ಕೆಲವೊಮ್ಮೆ ಫೈಲಿನ ಗಾತ್ರ ಸರಿಯಾಗಿದ್ದು ಒಳಗೆ ಬರೀ ಸೊನ್ನೆಗಳೇ ತುಂಬಿರುತ್ತವೆ. ನೋಟ್‌ಪ್ಯಾಡಿನಲ್ಲಿ ಆ ಪಿ ಮತ್ತು ಕೆ ಅಕ್ಷರಗಳೇ ಕಾಣದಿದ್ದರೆ ಮತ್ತು ಎಲ್ಲವೂ ಖಾಲಿ ಇದ್ದರೆ, ಯಾವ ಸಾಫ್ಟ್‌ವೇರಿಗೂ ಹಣ ಕಟ್ಟಬೇಡಿ, ತೆಗೆಯಲು ಒಳಗೆ ಏನೂ ಇರುವುದಿಲ್ಲ. ಪಾಸ್‌ವರ್ಡ್ ಹಾಕಿ ತೆರೆಯುವ ಫೈಲಿನಲ್ಲೂ ಆ ಅಕ್ಷರಗಳಿರುವುದಿಲ್ಲ, ಅದು ಬೇರೆ ರೀತಿಯ ಕಟ್ಟು. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ರೈತರ ಬ್ಯಾಂಕ್ ಖಾತೆ ಸಂಖ್ಯೆಗಳಿರುವ ಫೈಲನ್ನು ಆನ್‌ಲೈನಿನಲ್ಲಿ ರಿಪೇರಿ ಮಾಡಿಕೊಡುವ ತಾಣಗಳಿಗೆ ಏರಿಸುವುದನ್ನಂತೂ ನಾನು ಒಪ್ಪುವುದಿಲ್ಲ.

ಈಗ ಸಂಜೆಯ ನನ್ನ ಕ್ರಮ ಬದಲಾಗಿದೆ. ಲೆಕ್ಕದ ಫೈಲು ಕಂಪ್ಯೂಟರಿನಲ್ಲೇ ಇರುತ್ತದೆ, ಪೆನ್‌ಡ್ರೈವಿನಲ್ಲಿ ಇಟ್ಟು ಬರೆಯುವುದಿಲ್ಲ. ಹಮಾಲರು ಕೊನೆಯ ಚೀಲ ಜೋಡಿಸಿ ಹೋದ ಮೇಲೆ ಫೈಲು ಮುಚ್ಚಿ, ಆ ದಿನದ ತಾರೀಕು ಸೇರಿಸಿದ ಹೆಸರಿನಲ್ಲಿ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕುತ್ತೇನೆ. ಆ ಪ್ರತಿಯನ್ನು ಕ್ಯಾಲ್ಕ್‌ನಲ್ಲಿ ಒಮ್ಮೆ ತೆರೆದು ಕೊನೆಯ ಸಾಲಿನ ಹೆಸರನ್ನು ಓದುತ್ತೇನೆ. ನಂತರ ಮುಚ್ಚಿ, ಪೆನ್‌ಡ್ರೈವಿನ ದೀಪ ಪೂರ್ತಿ ಆರುವವರೆಗೆ ಕೈ ಕಟ್ಟಿ ಕೂರುತ್ತೇನೆ.